ಉಪ್ಪು ನೋಡುವುದೂ ಊಟವೇ

ನನ್ನ ಹೊಟ್ಟೆಯ ಮುಕ್ಕಾಲು ಪಾಲು ಈಗ ನನ್ನ ಬಳಿ ಇಲ್ಲ. ಒಂದೂವರೆ ವರ್ಷದ ಹಿಂದೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆದರು. ಉಳಿದದ್ದು ಒಂದು ಕದಳಿ ಬಾಳೆಹಣ್ಣಿನಷ್ಟು ಎಂದು ಡಾಕ್ಟರು ಬೆರಳು ಬಾಗಿಸಿ ತೋರಿಸಿದರು. ಇದನ್ನು ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಅಂಗಿಯ ಗುಂಡಿಗಳನ್ನು ನೋಡುತ್ತಾರೆ, ಕೊನೆಗೆ "ಹಾಗಾದ್ರೆ ನೀವು ಎಂತ ತಿನ್ನುದು?" ಎಂದು ಕೇಳುತ್ತಾರೆ. ಈ ಆಪರೇಷನ್ ಮಾಡಿಸಿಕೊಳ್ಳಲು ಹೆದರುವವರು, ಮಾಡಿಸಿಕೊಂಡು ಬಟ್ಟಲಿನ ಮುಂದೆ ಅಳುತ್ತ ಕೂತವರು, ಹೀಗೆ ಮೂರು ನಾಲ್ಕು ಮಂದಿ ನನಗೆ ಫೋನ್ ಮಾಡಿದ್ದಾರೆ. ಪ್ರತಿ ಸಲ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಒಳ್ಳೆಯದೆಂದು ಕೂತಿದ್ದೇನೆ.

ನನ್ನ ಹೆಸರು ಸಿರಿಲ್. ಮನೆ ಹೊಸಂಗಡಿಯಿಂದ ಸ್ವಲ್ಪ ಒಳಗೆ. ಕಸುಬು ಅಡುಗೆ. ಮದುವೆ, ರೋಸ್, ನಾಮಕರಣ, ಗೃಹಪ್ರವೇಶ ಏನಿದ್ದರೂ ಪಾತ್ರೆ ಹೊತ್ತುಕೊಂಡು ಹೋಗಿ ಒಲೆ ಹೂಡುವವರು ನಾವು. ರೋಸ್ ಎಂದರೆ ನಮ್ಮ ಕ್ರಿಶ್ಚಿಯನ್ನರಲ್ಲಿ ಮದುವೆಯ ಹಿಂದಿನ ದಿನ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಮನೆಯಲ್ಲಿ ನಮ್ಮ ಮಾತು ಕೊಂಕಣಿ, ಕಲಿತದ್ದು ಕನ್ನಡ ಶಾಲೆಯಲ್ಲಿ, ಒಲೆಯ ಹತ್ತಿರ ನಡೆಯುವುದು ತುಳು. ಇಲ್ಲಿ ಎಲ್ಲರ ಬಾಯಲ್ಲೂ ಕನ್ನಡವನ್ನೇ ಆಡಿಸಿದ್ದೇನೆ, ಅವರು ಕ್ಷಮಿಸಬೇಕು.

ನನ್ನ ಅಪ್ಪನೂ ಅಡುಗೆಯವರೇ. ದಪ್ಪ ದೇಹ, ಸಕ್ಕರೆ ಕಾಯಿಲೆ, ಕಾಲಿನ ಗಾಯ ವಾಸಿಯಾಗದೆ ಐವತ್ತೊಂದಕ್ಕೆ ಹೋದರು. ನನಗೆ ನಲವತ್ತನಾಲ್ಕು ಆದಾಗ ನನ್ನ ಕಾಲಿನ ಹೆಬ್ಬೆರಳಿನಲ್ಲೂ ಒಂದು ಗಾಯವಾಯಿತು. ಬಿಸಿ ಎಣ್ಣೆ ಹಾರಿದ್ದು. ಅದು ಒಂದೂವರೆ ತಿಂಗಳಾದರೂ ಒಣಗಲಿಲ್ಲ. ನಾನು ಹೆದರಿದ್ದು ಆ ದಿನಗಳಲ್ಲಿ. ಅದಕ್ಕೆ ಮೊದಲು ನನಗೂ ಸಕ್ಕರೆ ಕಾಯಿಲೆಯ ಮಾತ್ರೆ ಇತ್ತು, ಮೊಣಕಾಲು ನೋವಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು, ಆದರೆ ಹೆದರಿಕೆ ಇರಲಿಲ್ಲ.

ಊರಿನ ಕ್ಲಿನಿಕ್ಕಿನ ತೂಕದ ಯಂತ್ರದ ಮೇಲೆ ನಿಂತೆ. ಅದರ ಮುಳ್ಳು ಒಂದು ಸುತ್ತು ಹೋಗಿ ಸೊನ್ನೆಯನ್ನೂ ದಾಟಿತು. ಡಾಕ್ಟರು, "ಬೇರೆ ಎಲ್ಲಾದ್ರೂ ನೋಡಿ ಬನ್ನಿ" ಎಂದರು. ಬೇರೆ ಎಲ್ಲಿ? ಪೇಟೆಯಲ್ಲಿ ಕೊಬ್ಬರಿ ಗೋಣಿ ತೂಗುವ ಅಂಗಡಿಗೆ ಹೋದೆ. ಗೋಣಿ ಇಳಿಸಿದ ಜಾಗದಲ್ಲಿ ನಾನು ಹತ್ತಿ ನಿಂತೆ. ನೂರ ನಲವತ್ತೊಂದು. ಅಂಗಡಿಯವರು ನನ್ನ ಅಡುಗೆ ಉಂಡು ಬೆಳೆದವರು. "ಪೊರ್ಬುಲೇ, ಒಣಗಿಸಿದ್ರೆ ಸ್ವಲ್ಪ ಇಳೀಬಹುದು" ಎಂದರು. ಇಲ್ಲಿನ ತುಳುವರು ನಮ್ಮ ಗಂಡಸರನ್ನು ಪೊರ್ಬುಲು ಎಂದು ಕರೆಯುತ್ತಾರೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಹೆಂಡತಿ ಲಿಡಿಯಾಳಿಗೆ ಹೇಳುವಾಗ ನಗು ಬರಲಿಲ್ಲ.

ತೂಕ ಇಳಿಸಲು ಹೊಟ್ಟೆ ಸಣ್ಣದು ಮಾಡುವ ಆಪರೇಷನ್ ಉಂಟೆಂದು ಊರಿನ ಡಾಕ್ಟರು ಮಂಗಳೂರಿಗೆ ಕಳಿಸಿದರು. ಅಲ್ಲಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನನಗೆ ಮೊದಲು ಕಂಡದ್ದು ಕುರ್ಚಿಗಳು. ಕೈ ಇಡುವ ಕಂಬಿಗಳೇ ಇಲ್ಲ, ಅಗಲ ಹಲಗೆಯವು. ಬಸ್ಸಿನ ಸೀಟು, ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಬೆಂಚಿನ ಮೂಲೆ, ಕ್ಷೌರದಂಗಡಿಯ ಕುರ್ಚಿ ಎಲ್ಲದರಲ್ಲೂ ಒತ್ತಿಕೊಂಡು ಕೂತು ಅಭ್ಯಾಸವಾಗಿದ್ದ ನನಗೆ ಅಲ್ಲಿ ಆರಾಮವಾಗಿ ಕೂತಾಗ ಕಣ್ಣು ತುಂಬಿತು. ನನ್ನಂಥವರು ಬರುತ್ತಾರೆಂದು ಯಾರೋ ಮೊದಲೇ ಯೋಚಿಸಿದ್ದರು.

ಅಲ್ಲೇ ಮೊಗ್ರಾಲಿನ ನಫೀಸಾ ಸಿಕ್ಕಿದ್ದು. ಆರು ತಿಂಗಳ ಹಿಂದೆ ಆಪರೇಷನ್ ಆದವರು, ತಪಾಸಣೆಗೆ ಬಂದಿದ್ದರು. ಗಂಡ ಗಲ್ಫಿನಲ್ಲಿ. "ಅವರು ಈಗ ವಿಡಿಯೋ ಕಾಲಿನಲ್ಲಿ ನೋಡಿ ಯಾರು ಅಂತ ಕೇಳ್ತಾರೆ" ಎಂದು ಲಿಡಿಯಾಳ ಹತ್ತಿರ ನಗುತ್ತಿದ್ದರು. ನಾನು ಅಡುಗೆಯವನು ಎಂದು ತಿಳಿದ ಕೂಡಲೇ ನಗು ನಿಲ್ಲಿಸಿದರು.

"ಅಡುಗೆಯವರಾ? ನಿಮಗೆ ಕಷ್ಟ ಉಂಟು ಮಾರಾಯ್ರೆ. ನಾನು ಎರಡು ತಿಂಗಳು ನಮ್ಮ ಅಡುಗೆಮನೆಗೆ ಕಾಲಿಡಲಿಲ್ಲ. ಒಂದು ಕೆಲಸ ಮಾಡಿ. ಮಕ್ಕಳಿಗೆ ಕೊಡುವ ಸಣ್ಣ ಚಮಚ ಉಂಟಲ್ಲ, ಅದನ್ನು ಈಗಲೇ ತೆಗೆದಿಡಿ. ನೀರು ಕುಡಿಯುದು ಸಹ ಅದರಲ್ಲೇ."

ಒಳಗೆ ಆಹಾರ ತಜ್ಞೆ ಒಂದು ನೋಟ್‌ಬುಕ್ ಕೊಟ್ಟು, ಎರಡು ವಾರ ನಾನು ತಿನ್ನುವುದನ್ನೆಲ್ಲ ಬರೆದು ತರಲು ಹೇಳಿದರು. ಪ್ರಾಮಾಣಿಕವಾಗಿ ಬರೆದೆ. ಬೆಳಿಗ್ಗೆ ಮೂರು ದೋಸೆ. ಕೆಲಸ ಇದ್ದ ದಿನ ಮಧ್ಯಾಹ್ನ ಊಟ ಇಲ್ಲ. ಸಂಜೆ ಚಹಾ. ರಾತ್ರಿ ಗಂಜಿ, ಮೀನು. ಅವರು ಓದಿ ಕನ್ನಡಕ ಸರಿಮಾಡಿಕೊಂಡು, "ಇಷ್ಟೇ ತಿಂದು ಇಷ್ಟು ತೂಕವಾ?" ಎಂದು ಕೇಳಿದರು. ನಾನು ಲಿಡಿಯಾಳ ಕಡೆ ನೋಡಿದೆ. ಮದುವೆಯಾದಾಗಿನಿಂದ ಹದಿನೆಂಟು ವರ್ಷ ನಾನು ಅವಳಿಗೆ ಹೇಳುತ್ತ ಬಂದದ್ದೂ ಅದೇ ಅಲ್ಲವೇ? ನಾನು ತಿನ್ನುವುದಿಲ್ಲ, ನನ್ನ ದೇಹವೇ ಹೀಗೆ. ಇಂಥ ಸಾಕ್ಷಿ ಸಿಕ್ಕಿ ನನಗೆ ಒಳಗೊಳಗೆ ಖುಷಿಯಾಯಿತು. ಆ ನೋಟ್‌ಬುಕ್ಕಿನಲ್ಲಿ ಒಂದು ದೊಡ್ಡ ತಪ್ಪಿತ್ತು. ಅದು ಗೊತ್ತಾಗಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು.

ಮಾಂಯ್‌ಗೆ, ಅಂದರೆ ನನ್ನ ಅಮ್ಮನಿಗೆ, ಹೇಳಿದ್ದು ಕೊನೆಗೆ. ಎಪ್ಪತ್ತಮೂರು ವರ್ಷ, ಕಿವಿ ಚುರುಕು, ಬಾಯಿ ಇನ್ನೂ ಚುರುಕು.

"ಹೊಟ್ಟೆ ಕತ್ತರಿಸುದಾ? ಎಂತದಕ್ಕೆ? ಸ್ವಲ್ಪ ಕಡಿಮೆ ತಿಂದ್ರೆ ಆಯ್ತಪ್ಪ."

"ಅಷ್ಟು ಸುಲಭ ಆಗಿದ್ರೆ ಯಾವಾಗ್ಲೋ ಮಾಡ್ತಿದ್ದೆ ಮಾಂಯ್."

ಅವಳು ನನ್ನ ಕಾಲಿನ ಹೆಬ್ಬೆರಳು ನೋಡಿದಳು. ಅಪ್ಪನ ಗಾಯ ತೊಳೆದು ಬಟ್ಟೆ ಕಟ್ಟಿದ್ದು ಅವಳೇ. "ಹೋಗಿ ಬಾ ಪುತಾ" ಎಂದಳು. ಪುತಾ ಎಂದರೆ ಮಗನೇ, ಅವಳು ಹಾಗೆ ಕರೆಯುವುದು ಅಪರೂಪಕ್ಕೆ.

ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಅದರ ಬಗ್ಗೆ ಹೇಳಲು ಹೆಚ್ಚು ಇಲ್ಲ, ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ಭುಜ ನೋಯುತ್ತಿತ್ತು. ಹೊಟ್ಟೆಯೊಳಗೆ ತುಂಬಿದ ಗಾಳಿಯಿಂದ ಹಾಗಾಗುತ್ತದಂತೆ. ನಡೆಯಿರಿ, ಹೋಗುತ್ತದೆ ಎಂದರು. ನಡೆದೆ, ಹೋಯಿತು.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಮೊದಲ ಎರಡು ವಾರ ತೆಳು ನೀರಿನಂಥದ್ದು ಮಾತ್ರ. ಗಂಜಿ ತಿಳಿ, ಬೇಳೆಯ ಕಟ್ಟು, ನೀರು ಮಜ್ಜಿಗೆ. ಲಿಡಿಯಾ ನಫೀಸಾ ಹೇಳಿದ ಸಣ್ಣ ಚಮಚ ತೆಗೆದಿಟ್ಟಿದ್ದಳು. ಮಗಳು ಅನ್ನ ತಿನ್ನಲು ಕಲಿಯುವಾಗ ಬಳಸಿದ್ದು, ಹಿಡಿಯಲ್ಲಿ ಮೊಲದ ಚಿತ್ರ ಅರ್ಧ ಅಳಿಸಿ ಹೋಗಿದೆ. ಐನೂರು ಜನಕ್ಕೆ ಸಾರು ತಿರುವುವ ಸೌಟು ಹಿಡಿದ ಕೈಯಲ್ಲಿ ಆ ಮೊಲದ ಚಮಚ. ಒಂದು ಸಣ್ಣ ಲೋಟ ಗಂಜಿ ತಿಳಿಗೆ ಮುಕ್ಕಾಲು ಗಂಟೆ. ಹತ್ತನೇ ಚಮಚಕ್ಕೆ ಎದೆಯ ಕೆಳಗೆ ಯಾರೋ ಬೆರಳಿಟ್ಟು ಒತ್ತಿದ ಹಾಗಾಗುತ್ತಿತ್ತು. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಚಮಚ ಹಾಕಿದರೆ ವಾಪಸ್ ಬರುತ್ತದೆ. ಎರಡು ಸಲ ಹಾಕಿ ನೋಡಿದ್ದೇನೆ, ನೀವು ನೋಡುವ ಅಗತ್ಯವಿಲ್ಲ.

ಹಸಿವು ಇರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಹೊಟ್ಟೆಗೆ ಹಸಿವಿರಲಿಲ್ಲ. ಹಸಿವು ಇದ್ದದ್ದು ಕೈಗೆ, ಕಣ್ಣಿಗೆ. ಪಕ್ಕದ ಮನೆಯಿಂದ ಬಂಗುಡೆ ಹುರಿಯುವ ವಾಸನೆ ಬಂದರೆ ನಾನು ಎದ್ದು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಮನೆಯವರೆಲ್ಲ ಊಟಕ್ಕೆ ಕೂತಾಗ ನಾನೂ ಕೂತೆ. ನನ್ನ ಮುಂದೆ ಚಹಾದ ಸಾಸರಿನಲ್ಲಿ ಮೂರು ಚಮಚ ನುಣ್ಣಗೆ ಅರೆದ ಮೀನು. ಮಾಂಯ್ ತನ್ನ ಬಟ್ಟಲು ಎತ್ತಿಕೊಂಡು ಎದ್ದು ಅಡುಗೆಮನೆಯಲ್ಲಿ ಕೂತು ಉಂಡಳು. ಕೇಳಿದ್ದಕ್ಕೆ, "ಅಲ್ಲಿ ಗಾಳಿ ಇಲ್ಲ, ಸೆಕೆ" ಎಂದಳು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು.

ಇನ್ನೊಂದು ವಿಷಯವನ್ನೂ ಅವಳು ನಿಲ್ಲಿಸಿದ್ದಳು. ನಾನು ಆರನೇ ಕ್ಲಾಸಿನಲ್ಲಿದ್ದಾಗಿನಿಂದ ಮನೆಯ ಅಡುಗೆಗೆ ಉಪ್ಪು ನೋಡುವುದು ನನ್ನ ಕೆಲಸ. ಅವಳು ಸೌಟು ಹಿಡಿದು ಬಂದು "ಕೈ ತೋರಿಸು" ಎನ್ನುವಳು, ನಾನು ಅಂಗೈ ಗುಂಡಿ ಮಾಡಿ ಹಿಡಿಯುವೆ, ಅವಳು ಸುರಿಯುವಳು, ನಾನು ನೆಕ್ಕಿ ಹೇಳುವೆ. ಅಪ್ಪ ಇದ್ದಾಗಲೂ ಅವಳು ಕೇಳುತ್ತಿದ್ದದ್ದು ನನ್ನನ್ನೇ. ನನ್ನ ನಾಲಿಗೆ ತಪ್ಪುವುದಿಲ್ಲ ಎಂದು ಊರಿಡೀ ಹೇಳಿಕೊಂಡು ಬಂದವಳೂ ಅವಳೇ. ಆಪರೇಷನ್ ಆದ ಮೇಲೆ ಅವಳು ನನ್ನ ಮುಂದೆ ಸೌಟು ಹಿಡಿದು ಬರಲಿಲ್ಲ. ಹೆದರಿಕೆಯಿಂದ ಎಂದು ನನಗೆ ಗೊತ್ತಿತ್ತು. ಆದರೂ ಕೆಲಸದಿಂದ ತೆಗೆದುಹಾಕಿದ ಹಾಗೆ ಬೇಸರವಾಯಿತು.

ಏಪ್ರಿಲ್ ಕೊನೆಗೆ ತೂಕ ಇಪ್ಪತ್ತನಾಲ್ಕು ಕಿಲೋ ಇಳಿದಿತ್ತು. ಹೆಬ್ಬೆರಳಿನ ಗಾಯ ಒಣಗಿತ್ತು. ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದರು. ನಮ್ಮದೇ ಇಗರ್ಜಿಯ ಸಭಾಭವನದಲ್ಲಿ ಒಂದು ಮದುವೆ ಇತ್ತು, ಒಪ್ಪಿಕೊಂಡೆ. ನನ್ನ ಜೊತೆ ಇಪ್ಪತ್ತು ವರ್ಷದಿಂದ ಒಲೆಯ ಹತ್ತಿರ ಇರುವ ದಾಮೋದರ ಎಲ್ಲ ಭಾರದ ಕೆಲಸ ತಾನೇ ನೋಡಿಕೊಂಡ. ಲಿಡಿಯಾ ನನ್ನ ಸಣ್ಣ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ, ಮೊಸರು ಕಟ್ಟಿಕೊಂಡು ಜೊತೆಗೆ ಬಂದಳು. ಹಂದಿ ಮಾಂಸ, ಕೋಳಿ ಸುಕ್ಕ, ಮೀನು, ಕಡಲೆ, ತೊಂಡೆಕಾಯಿ, ಸಾರು, ಪಾಯಸ. ಎಲ್ಲ ಸೇರಿ ಹದಿಮೂರು ಪಾತ್ರೆ. ನಾನು ಒಂದು ತುಂಡು ಮಾಂಸ ಬಾಯಿಗೆ ಹಾಕಲಿಲ್ಲ. ನನ್ನ ಮೇಲೆ ನನಗೇ ಹೆಮ್ಮೆಯಾಗುವಷ್ಟು ಶಿಸ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಪಾಯಸ ಮುಗಿಯಿತು. ಅದಾಗಿ ಕಾಲು ಗಂಟೆಯಲ್ಲಿ ಕಿವಿ ಗುಂಯ್ ಎಂದಿತು. ಬೆನ್ನಿನಲ್ಲಿ ತಣ್ಣನೆ ಬೆವರು. ಎದೆ ಹೊಡೆದುಕೊಳ್ಳುವುದು ನನಗೇ ಕೇಳುತ್ತಿತ್ತು. ಕೈಯಲ್ಲಿದ್ದ ಸಟ್ಟುಗ ಬಿದ್ದದ್ದು ಗೊತ್ತಾಯಿತು, ನಾನು ಕೂತದ್ದು ಗೊತ್ತಾಗಲಿಲ್ಲ. ದಾಮೋದರ ನನ್ನನ್ನು ಅಕ್ಕಿ ಗೋಣಿಗಳ ಮೇಲೆ ಮಲಗಿಸಿದ. ಲಿಡಿಯಾ ಓಡಿ ಬಂದಳು. ಹಾರ್ಟ್ ಎಂದುಕೊಂಡಳು, ನಾನೂ ಹಾಗೆಯೇ ಅಂದುಕೊಂಡೆ. ಅಪ್ಪನಿಗಿಂತ ಆರು ವರ್ಷ ಮೊದಲೇ ಹೊರಟೆ ಎಂದು ಅನ್ನಿಸಿತು, ಮತ್ತೆ ಮದುವೆಯವರಿಗೆ ಊಟ ಬಡಿಸುವವರು ಯಾರು ಎಂದೂ ಅನ್ನಿಸಿತು.

ಲಿಡಿಯಾ ಆಹಾರ ತಜ್ಞೆಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಇಟ್ಟಳು.

"ಎಂತ ತಿಂದ್ರು?" ಎಂದು ಅವರು ಕೇಳಿದರು.

"ಎಂತದೂ ತಿನ್ನಲಿಲ್ಲ ಮೇಡಂ. ಡಬ್ಬಿ ಸಹ ತೆರೆಯಲಿಲ್ಲ."

"ಏನೂ ಬಾಯಿಗೆ ಹಾಕ್ಲಿಲ್ವಾ?"

ನಾನು ಮಲಗಿದಲ್ಲಿಂದಲೇ, "ಉಪ್ಪು ನೋಡಿದ್ದು ಮಾತ್ರ" ಎಂದೆ.

"ಎಷ್ಟು?"

ದಾಮೋದರ ಮುಂದೆ ಬಗ್ಗಿ ಫೋನಿಗೆ ಹೇಳಿದ. "ಹದಿಮೂರು ಪಾತ್ರೆ ಮೇಡಂ. ಒಂದೊಂದಕ್ಕೆ ಎರಡು ಸಲ. ಪಾಯಸಕ್ಕೆ ಮೂರು."

ಆಮೇಲೆ ಅವರು ಎದೆಯ ನೋವು ಉಂಟಾ, ತೋಳಿಗೆ ಬರುತ್ತದಾ ಎಂದೆಲ್ಲ ಕೇಳಿದರು. ಅದ್ಯಾವುದೂ ಇರಲಿಲ್ಲ. ಸಿಹಿ ಒಮ್ಮೆಲೇ ಕೆಳಗೆ ಕರುಳಿಗೆ ಇಳಿದರೆ ಹೀಗಾಗುತ್ತದೆ, ಮಲಗಿರಲಿ, ಕಡಿಮೆಯಾಗದಿದ್ದರೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಕಡಿಮೆಯಾಯಿತು. ಫೋನ್ ಇಡುವ ಮೊದಲು ಅವರು ಕೇಳಿದರು: "ಸಿರಿಲ್, ಆಪರೇಷನ್‌ಗೆ ಮೊದಲು ಬರೆದು ತಂದ ನೋಟ್‌ಬುಕ್ಕಿನಲ್ಲಿ ಈ ಉಪ್ಪು ನೋಡಿದ್ದನ್ನು ಬರೆದಿದ್ರಾ?"

ಬರೆದಿರಲಿಲ್ಲ. ಬರೆಯಬೇಕೆಂದು ಹೊಳೆದೇ ಇರಲಿಲ್ಲ. ಉಪ್ಪು ನೋಡುವುದು ಕೆಲಸ, ಊಟವಲ್ಲ. ನನ್ನ ಅಪ್ಪನನ್ನು ಕೇಳಿದ್ದರೂ ಹಾಗೆಯೇ ಹೇಳುತ್ತಿದ್ದರು. ಮರುದಿನ ಲಿಡಿಯಾ ನನ್ನ ಅಂಗೈ ಗುಂಡಿ ಮಾಡಿಸಿ, ಅದು ತುಂಬುವವರೆಗೆ ಮೊಲದ ಚಮಚದಿಂದ ನೀರು ಹಾಕಿದಳು. ಮೂರು ಚಮಚ ಹಿಡಿಯಿತು. ಇಪ್ಪತ್ತೇಳು ಅಂಗೈ, ಒಂದೊಂದರಲ್ಲಿ ಮೂರು ಚಮಚ. ನನ್ನ ಹೊಸ ಹೊಟ್ಟೆಗೆ ಅದು ಮೂರು ಹೊತ್ತಿನ ಊಟ. ಹಳೆಯ ಹೊಟ್ಟೆಗೆ ಪ್ರತಿ ಕೆಲಸದ ದಿನವೂ, ಎಣ್ಣೆ ತೆಂಗಿನಕಾಯಿ ಬೆಲ್ಲ ಸಮೇತ, ಲೆಕ್ಕಕ್ಕೆ ಇಲ್ಲದ ಒಂದು ಭರ್ತಿ ಊಟ. ಇಪ್ಪತ್ತೈದು ವರ್ಷ.

"ನೋಡಿ, ನಿಮ್ಮ ದೇಹವೇ ಹಾಗೆ ಅಲ್ವಾ?" ಎಂದಳು ಲಿಡಿಯಾ. ಹದಿನೆಂಟು ವರ್ಷ ಕಾದವಳು, ಒಂದು ಮಾತು ಹೇಳಲು ಅವಳಿಗೆ ಹಕ್ಕಿತ್ತು.

ಆಮೇಲೆ ಅವಳು ಕಾನೂನು ಮಾಡಿದಳು. ಒಲೆಯ ಹತ್ತಿರ ನಾನು ನಾಲಿಗೆ ಹೊರಗೆ ಹಾಕಬಾರದು. ಜೂನಿನಲ್ಲಿ ಒಂದು ಸಣ್ಣ ನಾಮಕರಣದ ಅಡುಗೆ ಬಂತು, ಎಂಬತ್ತು ಜನ. ಕಣ್ಣಳತೆಯಲ್ಲಿ ಉಪ್ಪು ಹಾಕಿದೆ. ಇಷ್ಟು ವರ್ಷದ ಕೈ, ತಪ್ಪುತ್ತದೆಯೇ ಎಂದುಕೊಂಡೆ. ಊಟಕ್ಕೆ ಕೂತವರು ಮಾಂಸ ಬಡಿಸಿಕೊಂಡು ಬಹಳ ನೀರು ಕುಡಿದರು. ಯಾರೂ ಏನೂ ಹೇಳಲಿಲ್ಲ. ಪಾತ್ರೆ ತೊಳೆಯುವಾಗ ದಾಮೋದರ ಹೇಳಿದ.

"ಪೊರ್ಬುಲೇ, ಬೇಜಾರು ಮಾಡ್ಬೇಡಿ. ಇವತ್ತು ಉಪ್ಪು ಜಾಸ್ತಿ ಆಯ್ತು ಮಾರಾಯ್ರೆ."

"ನೀನು ನೋಡಬಹುದಿತ್ತಲ್ಲ?"

"ನಾನು ನೋಡಿದ್ದೆ. ನನಗೆ ಸರಿ ಉಂಟು ಅಂತ ಆಯ್ತು. ನನ್ನ ನಾಲಿಗೆ ಬೇರೆ, ನಿಮ್ಮದು ಬೇರೆ ಅಲ್ವಾ?"

ಆ ಮಳೆಗಾಲ ನನಗೆ ಕೆಟ್ಟದಾಗಿ ಹೋಯಿತು. ಬಟ್ಟೆ ಸಡಿಲವಾಗುತ್ತಿತ್ತು, ಮೊಣಕಾಲು ನೋಯುತ್ತಿರಲಿಲ್ಲ, ಸಕ್ಕರೆ ಮಾತ್ರೆ ಒಂದಕ್ಕೆ ಇಳಿದಿತ್ತು. ಎಲ್ಲರೂ ಚಂದ ಕಾಣುತ್ತೀರಿ ಎನ್ನುತ್ತಿದ್ದರು. ನಾನು ಮಾತ್ರ ಜಗಲಿಯಲ್ಲಿ ಕೂತು, ಜೀವ ಉಳಿಸಿಕೊಂಡು ಕಸುಬು ಕಳೆದುಕೊಂಡೆನೇ ಎಂದು ಯೋಚಿಸುತ್ತಿದ್ದೆ. ಇನ್ನೊಂದು ಭಯವೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆಪರೇಷನ್ ಆದ ಮೇಲೆ ರುಚಿಗಳು ಬದಲಾಗಿದ್ದವು. ಕೊತ್ತಂಬರಿ ಬೀಜ ಹುರಿದರೆ ಕಬ್ಬಿಣದ ವಾಸನೆ. ಚಹಾ ಕುಡಿದರೆ ಬಿಸಿನೀರು. ಹೊಟ್ಟೆಯ ಜೊತೆ ನಾಲಿಗೆಯನ್ನೂ ಕತ್ತರಿಸಿದರೋ ಏನೋ. ನಫೀಸಾಗೆ ಫೋನ್ ಮಾಡಿ ಕೇಳಿದೆ. "ನನಗೂ ಹಾಗೇ ಇತ್ತು, ಬರ್ತದೆ, ಗಡಿಬಿಡಿ ಮಾಡ್ಬೇಡಿ" ಎಂದರು. ಅವರ ಮಾತು ಕೇಳಿದ ದಿನ ಸಮಾಧಾನ, ಮರುದಿನ ಮತ್ತೆ ಅದೇ.

ಸೆಪ್ಟೆಂಬರಿನಲ್ಲಿ ತೆನೆಹಬ್ಬ ಬಂತು. ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟಿದ ದಿನ, ನಮ್ಮಲ್ಲಿ ಹೊಸ ಅಕ್ಕಿಯ ಊಟ. ಇಗರ್ಜಿಯಲ್ಲಿ ಮಕ್ಕಳು ಹೂ ಹಾಕುತ್ತಾರೆ, ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತರುತ್ತೇವೆ. ಅದರ ಕೆಲವು ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲು ಬೆಲ್ಲದಲ್ಲಿ ಕಲಸಿ, ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಅದನ್ನು ತಿಂದ ಮೇಲೆಯೇ ಎಲೆಗೆ ಬಡಿಸುವುದು. ಅಂದು ಮೀನು ಮಾಂಸ ಇಲ್ಲ, ಎಲ್ಲ ತರಕಾರಿ. ಹಿಂದೆಲ್ಲ ನಾನು ಆ ಚಮಚ ನೋಡಿ, "ಇದು ಗುಬ್ಬಿಗೆ ಕೊಡುದಾ ಮಾಂಯ್?" ಎಂದು ತಮಾಷೆ ಮಾಡಿ, ಎಲ್ಲರದ್ದೂ ಆದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಬಳಿದು ತಿನ್ನುತ್ತಿದ್ದೆ.

ಆ ವರ್ಷ ಮನೆಯಲ್ಲಿ ಹನ್ನೊಂದು ಜನ. ತಂಗಿಯ ಸಂಸಾರ, ಚಿಕ್ಕಪ್ಪನ ಮನೆಯವರು. ನೆಲದಲ್ಲಿ ಸಾಲಾಗಿ ಎಲೆ ಹಾಕಿತ್ತು. ನನಗೆ ಸಣ್ಣ ತುಂಡು ಎಲೆ ಸಾಕು ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಲಿಡಿಯಾ ನನಗೂ ಎಲ್ಲರ ಹಾಗೆ ಉದ್ದದ ಎಲೆಯನ್ನೇ ಹಾಕಿದ್ದಳು. ಪ್ರಾರ್ಥನೆ ಮುಗಿಯಿತು. ಮಾಂಯ್ ಬಟ್ಟಲು ಹಿಡಿದು ಸಾಲಿನ ಆ ತುದಿಯಿಂದ ಬಂದಳು. ಚಿಕ್ಕಪ್ಪನಿಗೆ ಒಂದು ಚಮಚ. ತಂಗಿಯ ಗಂಡನಿಗೆ ಒಂದು. ಮಕ್ಕಳಿಗೆ ಒಂದೊಂದು. ನನಗೆ ಒಂದು. ಏಳು ತಿಂಗಳಲ್ಲಿ ಮೊದಲ ಸಲ ನನ್ನ ಪಾಲೂ ಪಕ್ಕದವರ ಪಾಲೂ ಒಂದೇ ಆಗಿತ್ತು. ನನ್ನ ಎಲೆಯನ್ನು ಯಾರೂ ಕದ್ದು ನೋಡಲಿಲ್ಲ.

ಎಲ್ಲರೂ ಒಂದೇ ಸಲಕ್ಕೆ ನುಂಗಿದರು. ನನಗೆ ಹಾಗೆ ನುಂಗಲು ಬರುವುದಿಲ್ಲ, ಸಿಹಿಯನ್ನಂತೂ ಇಲ್ಲವೇ ಇಲ್ಲ. ಒಂದು ತೊಟ್ಟು ನಾಲಿಗೆಯ ತುದಿಗೆ ಇಟ್ಟುಕೊಂಡು ಕಾದೆ. ಮೊದಲು ಬೆಲ್ಲ ಬಂತು. ಆಮೇಲೆ ತೆಂಗಿನ ಹಾಲು, ಆ ದಿನ ಬೆಳಿಗ್ಗೆಯೇ ಹಿಂಡಿದ್ದು. ಅದರ ಹಿಂದೆ ಹೊಸ ಅಕ್ಕಿಯ ಹಸಿ ವಾಸನೆ. ಒಂದೊಂದೇ ಬೇರೆ ಬೇರೆಯಾಗಿ ಬಂತು. ಕಬ್ಬಿಣವಿಲ್ಲ, ಬಿಸಿನೀರಿಲ್ಲ. ಎಲ್ಲ ಬಂದಾದ ಮೇಲೂ ಒಂದು ಬರಬೇಕಾದದ್ದು ಬರಲಿಲ್ಲ. ಇನ್ನೊಂದು ತೊಟ್ಟು ಇಟ್ಟು ನೋಡಿದೆ. ಇಲ್ಲ.

"ಮಾಂಯ್" ಎಂದೆ. "ಇದಕ್ಕೆ ಉಪ್ಪು ಹಾಕ್ಲಿಲ್ಲ ನೀನು."

ನಮ್ಮ ಮನೆಯಲ್ಲಿ ಅದಕ್ಕೆ ಒಂದು ಚಿಟಿಕೆ ಉಪ್ಪು ಹಾಕುವುದು ರೂಢಿ. ಬೆಲ್ಲದ ಸಿಹಿ ಎದ್ದು ಬರಲಿ ಎಂದು.

ಚಿಕ್ಕಪ್ಪ, "ಎಂತ ಉಪ್ಪು ಮಾರಾಯ? ಚಂದ ಉಂಟಲ್ಲ" ಎಂದರು. ಮಾಂಯ್ ಮಾತ್ರ ಹಾಗೆಯೇ ನಿಂತಳು. ಬಟ್ಟಲಿಗೆ ಕಿರುಬೆರಳು ಅದ್ದಿ ತಾನೂ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಮರೆತೇ ಹೋಯ್ತು" ಎಂದಳು. "ಯಾವಾಗ್ಲೂ ನಿನ್ನನ್ನು ಕರೀತಿದ್ದೆ. ಈ ಸಲ ಕರೀಲಿಲ್ಲ."

ನನ್ನ ಎದೆ ಹೊಡೆದುಕೊಂಡಿತು, ಆದರೆ ಅದು ಪಾಯಸದಿಂದ ಬಂದ ಹೊಡೆತವಲ್ಲ. ಎರಡು ತೊಟ್ಟು. ಅಷ್ಟೇ ಸಾಕಾಗಿತ್ತು ನನ್ನ ನಾಲಿಗೆಗೆ. ಬಹುಶಃ ಯಾವಾಗಲೂ ಅಷ್ಟೇ ಸಾಕಾಗುತ್ತಿತ್ತು, ಉಳಿದ ಅಂಗೈ ತುಂಬ ನಾನು ತಿಂದದ್ದು ನಾಲಿಗೆಗಾಗಿ ಅಲ್ಲ. ಲಿಡಿಯಾ ನನ್ನನ್ನೇ ನೋಡುತ್ತಿದ್ದಳು. ಅವಳ ಕಾನೂನು ಮುರಿದದ್ದಕ್ಕೆ ಬೈಯುತ್ತಾಳೆಂದುಕೊಂಡೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಮಾಂಯ್ ಬಟ್ಟಲು ಕೆಳಗಿಟ್ಟು ಅಡುಗೆಮನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಸೌಟಿತ್ತು, ಅದರಲ್ಲಿ ಅಮಟೆಕಾಯಿ ಹಾಕಿದ ಕೆಸುವಿನ ದಂಟಿನ ಪದಾರ್ಥ, ಹಬೆ ಏಳುತ್ತಿತ್ತು. ಸಾಲು ದಾಟಿ ನೇರ ನನ್ನ ಮುಂದೆ ಬಂದು ಬಗ್ಗಿದಳು.

"ಕೈ ತೋರಿಸು" ಎಂದಳು.

ನಾನು ಅಭ್ಯಾಸದಂತೆ ಅಂಗೈ ಗುಂಡಿ ಮಾಡಿ ಚಾಚಿದೆ. ಆಮೇಲೆ ಅದನ್ನು ಮಡಚಿ ತೋರುಬೆರಳು ಒಂದನ್ನೇ ಚಾಚಿದೆ. ಅವಳು ಸೌಟು ಓರೆ ಮಾಡಿ, ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆರಳಿನ ತುದಿಗೆ ಒಂದು ತೊಟ್ಟು ಬಿಟ್ಟಳು.

ಒಂಬತ್ತು ಜನ ಹಸಿದು ಕೂತಿದ್ದರು. ನಾನು ನಿಧಾನವಾಗಿ ನೋಡಿದೆ.

"ಸರಿ ಉಂಟಾ ಪುತಾ?"

"ಸರಿ ಉಂಟು ಮಾಂಯ್" ಎಂದೆ. "ಬಡಿಸು."